ಕೆಂಪು ಪಟ್ಟಿಯವರೆಗೆ

ಅಷ್ಟೆಲ್ಲ ಫಜೀತಿಗೆ ಮೂಲ, ಸರಕು ದೋಣಿಯ ಹೊಟ್ಟೆಗೆ ಬಳಿದಿದ್ದ ಒಂದು ಕೆಂಪು ಪಟ್ಟಿ.

ಬೆಟ್ಟವೊಂದು ಸಮುದ್ರಕ್ಕೆ ಮೂಗು ಚಾಚಿದ ಕಡೆ, ಆ ಮೂಗಿನ ತುದಿಯಲ್ಲಿ ಕೂತ ನೊಣದಂತಿದ್ದ ಆ ಊರಿಗೆ ರಸ್ತೆ ಇರಲಿಲ್ಲ. ಅಕ್ಕಿ, ಸಿಮೆಂಟು, ಸೋಪು, ಸುದ್ದಿ ಎಲ್ಲವೂ ಕೊಲ್ಲಿಯ ಆಚೆ ದಡದ ಪಟ್ಟಣದಿಂದ ನೀರಿನ ಮೇಲೆಯೇ ಬರಬೇಕು. ಜನರಿಗೆ ದಿನಕ್ಕೊಂದು ದೋಣಿ. ಸಾಮಾನಿಗೆ ವಾರಕ್ಕೊಂದೇ. ಆ ಸರಕು ದೋಣಿಯ ಯಜಮಾನನಿಗೆ ತಕ್ಕಡಿ, ತೂಕ ಎಂದರೆ ತಲೆನೋವು. ದೋಣಿಯ ಹೊಟ್ಟೆಗೆ ಸುತ್ತಲೂ ಒಂದು ಕೆಂಪು ಪಟ್ಟಿ ಬಳಿದು ಕೂತಿದ್ದ. ಸಾಮಾನು ಹೇರಿದ ಮೇಲೂ ಪಟ್ಟಿ ಕಂಡರೆ ಒಂದು ಬಾಡಿಗೆ. ಪಟ್ಟಿ ನೀರಿಗಿಳಿಯಿತೋ, ಎರಡು ಬಾಡಿಗೆ. ಮುಕ್ಕಾಲು, ಒಂದೂವರೆ ಎಂಬ ಮಾತೇ ಇಲ್ಲ. ಖಾಲಿ ಹೋದರೂ, ಹಿಡಿದವನು ಇಡೀ ದೋಣಿಗೆ ಒಂದು ಬಾಡಿಗೆ ಕೊಡಲೇಬೇಕು.

ಐಸ್ ಕಾರ್ಖಾನೆಯ ಲೆಕ್ಕದ ಗುಮಾಸ್ತನಿಗೆ ಊರವರು ಬಜೆಟ್ಟಪ್ಪ ಎಂದು ಹೆಸರಿಟ್ಟಿದ್ದರು. ಬೆಂಕಿಪೊಟ್ಟಣಕ್ಕೂ ತಿಂಗಳ ಮೊದಲೇ ಇಷ್ಟು ಎಂದು ಗೊತ್ತುಮಾಡಿ, ಕೊನೆಗೆ ನಾಲ್ಕು ಕಡ್ಡಿ ಉಳಿದರೆ ಲಾಟರಿ ಹೊಡೆದಂತೆ ಹಿಗ್ಗುವ ಆಸಾಮಿ. ಅಂಥವನಿಗೆ ಆಚೆ ದಡದ ಕಚೇರಿಗೆ ಬಡ್ತಿ ಸಿಕ್ಕಿದ್ದೇ ತಡ, ನಿದ್ದೆ ಹಾರಿಹೋಯಿತು. ಭಯಕ್ಕಲ್ಲ, ಸಂಭ್ರಮಕ್ಕೆ. ಮನೆ ಬದಲಾಯಿಸುವುದೆಂದರೆ ಎಂಥ ಬಜೆಟ್ಟು! ಅವನ ಜೀವನದಲ್ಲಿ ಇಷ್ಟು ದೊಡ್ಡ ಬಜೆಟ್ಟು ಮದುವೆಯಲ್ಲೂ ಬಂದಿರಲಿಲ್ಲ, ಏಕೆಂದರೆ ಅದನ್ನು ಮಾವನವರು ಹಾಕಿದ್ದರು.

ಹೆಂಡತಿಗೂ ಅಷ್ಟೇ ಸಂಭ್ರಮ. ಮದುವೆಯಾದಾಗಿನಿಂದ ಆಕೆ ಕೈಯಲ್ಲಿ ಹಿಡಿ ತಿರುಗಿಸುವ ಹಳೆಯ ಹೊಲಿಗೆ ಯಂತ್ರದಲ್ಲಿ ಊರವರ ರವಿಕೆ, ಚಡ್ಡಿ, ದಿಂಬಿನ ಚೀಲ ಹೊಲಿದು ಬಲಗೈ ಸವೆಸಿಕೊಂಡಿದ್ದಳು. ಪಟ್ಟಣದ ಶಾಲೆಯೊಂದು ಮಕ್ಕಳ ಸಮವಸ್ತ್ರ ಹೊಲಿಯುವ ಕೆಲಸವನ್ನು ಆಕೆಗೇ ಕೊಟ್ಟಿತ್ತು. ಸೋಮವಾರವೇ ಶುರು.

"ಸಾಗಣೆಗೆ ಅಂತ ಎತ್ತಿಟ್ಟ ದುಡ್ಡಲ್ಲಿ ಎಷ್ಟು ಉಳಿಸ್ತೀನೋ ಅಷ್ಟೂ ನಿಂದೇ ಕಣೇ. ಕಾಲಲ್ಲಿ ತುಳಿಯೋ ಹೊಸ ಮಿಷನ್ನು ಬಂದೇ ಬರುತ್ತೆ, ಬರೆದಿಟ್ಕೋ" ಎಂದು ಬಜೆಟ್ಟಪ್ಪ ಮಾತು ಕೊಟ್ಟಿದ್ದ.

ಆಕೆ ಹೊಸ ಮನೆ ಗುಡಿಸಿ ಒರೆಸಿ ಇಡಲು ಎರಡು ದಿನ ಮೊದಲೇ ಹೊರಟಳು. ದೋಣಿ ಬಿಟ್ಟ ಮೇಲೂ ಅಲ್ಲಿಂದಲೇ ಕೂಗಿ ಹೇಳಿದಳು: "ಇರೋದನ್ನ ಇದ್ದ ಹಾಗೆ ತಂದುಬಿಡಿ. ದಯವಿಟ್ಟು ತಲೆ ಮಾತ್ರ ಓಡಿಸಬೇಡಿ!"

ಗಂಡನ ತಲೆಯ ಬಗ್ಗೆ ಹೆಂಡತಿಯರಿಗೆ ಯಾವಾಗಲೂ ಒಂದು ತಾತ್ಸಾರ ಇದ್ದದ್ದೇ ಎಂದುಕೊಂಡು ಬಜೆಟ್ಟಪ್ಪ ಕೈ ಬೀಸಿದ.

ಹೊರಡುವ ದಿನ ಬೆಳಗಾಗುವಷ್ಟರಲ್ಲಿ ಬಾಗಿಲಲ್ಲಿ ಸಹಾಯದ ಮಹಾಪೂರ. ಪಕ್ಕದ ಮನೆಯ ನಿವೃತ್ತ ಹೆಡ್‌ಮಾಸ್ತರು ಸೀಮೆಸುಣ್ಣ ಹಿಡಿದು ಬಂದರು. ಆಸ್ಪತ್ರೆಯ ಕಾಂಪೌಂಡರು ಬ್ಯಾಂಡೇಜು ಬಟ್ಟೆಯ ದೊಡ್ಡ ಸುರುಳಿ ತಂದ. ಎದುರುಮನೆ ದೊಡ್ಡಮ್ಮ ಬರಿಗೈಯಲ್ಲಿ ಬಂದು, ಬಂದ ತಕ್ಷಣ ಎಲ್ಲರಿಗೂ ಮೇಸ್ತ್ರಿಯಾದಳು.

"ಪ್ರತಿ ಗಂಟಿಗೂ ನಂಬರ್ ಹಾಕ್ತೀನಿ. ಶಿಸ್ತು ಇದ್ರೆ ಒಂದು ಚಮಚೆಯೂ ಕಳೆಯಲ್ಲ" ಎಂದು ಹೆಡ್‌ಮಾಸ್ತರು ಒಂದರಿಂದ ಬರೆಯುತ್ತಾ ಹೋದರು. ಸಮುದ್ರದ ಹಸಿಗಾಳಿ ಅವರ ಹಿಂದೆಯೇ ಒಂದರಿಂದ ಅಳಿಸುತ್ತಾ ಬಂತು. ಕಾಂಪೌಂಡರು ಬೀರುವಿನ ಬಾಗಿಲು ತೆರೆಯದಂತೆ ಬ್ಯಾಂಡೇಜು ಸುತ್ತಿ, ಹಿಡಿಕೆಗೆ ಹಾಕಿದ ಗಂಟಂತೂ ಡಾಕ್ಟರೇ ಬಂದರೂ ಬಿಚ್ಚಲಾಗದ ಹಾಗಿತ್ತು. ದೊಡ್ಡಮ್ಮ ಉಪ್ಪಿನ ಭರಣಿಯಲ್ಲಿ ಗಡಿಯಾರ ಇಟ್ಟು, ಅದು ಅಲುಗದಿರಲೆಂದು ಬಜೆಟ್ಟಪ್ಪನ ಒಳ್ಳೆಯ ಪ್ಯಾಂಟನ್ನು ತುರುಕಿ, ಮುಚ್ಚಳ ಬಡಿದಳು.

"ದೊಡ್ಡಮ್ಮ, ಸೋಮವಾರ ಆಫೀಸಿಗೆ ಅದೇ ಪ್ಯಾಂಟು ಹಾಕ್ಕೋಬೇಕು!"

"ಉಪ್ಪಿದ್ರೆ ಕೆಡಲ್ಲ ಕಣೋ, ಸುಮ್ನಿರು."

ಕೈಗಾಡಿಗಳು ಸಾಲಾಗಿ ದೋಣಿ ಕಟ್ಟುವ ದಕ್ಕೆಗೆ ಬಂದು ನಿಂತವು. ಮಧ್ಯಾಹ್ನದ ಉಬ್ಬರದ ನೀರು ಇಳಿಯುವುದರೊಳಗೆ ದೋಣಿ ಬಿಡಬೇಕು. ತಪ್ಪಿದರೆ ಇನ್ನು ಮುಂದಿನ ವಾರ. ದೋಣಿ ಯಜಮಾನ ಬಾಯಲ್ಲಿ ಬೀಡಿ ಕಚ್ಚಿಕೊಂಡು ಸಾಮಾನಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದ.

"ಪಟ್ಟಿ ಮುಳುಗುತ್ತೆ" ಎಂದ.

"ಹೇರದೇನೇ ಹೇಗೆ ಹೇಳ್ತೀರಿ?"

"ಅಪ್ಪನ ಕಾಲದಿಂದ ನೋಡ್ತಿರೋ ಕಣ್ಣು ಇದು. ಬೇಕಾದ್ರೆ ಹೇರಿ ನೋಡಿ. ಮುಳುಗಿದ್ರೆ ಎರಡು ಬಾಡಿಗೆ. ಆಮೇಲೆ ಇಳಿಸ್ತೀನಿ ಅಂದ್ರೆ ಅದಕ್ಕೆ ಕೂಲಿ ಬೇರೆ."

ಎರಡು ಬಾಡಿಗೆ! ಬಜೆಟ್ಟಪ್ಪನ ಕಣ್ಣ ಮುಂದೆ ಕಾಲಿನ ಹೊಲಿಗೆ ಯಂತ್ರವೊಂದು ತಾನಾಗಿ ಟಕಟಕನೆ ತುಳಿದುಕೊಂಡು ಸಮುದ್ರಕ್ಕೆ ಇಳಿದು ಮಾಯವಾಯಿತು.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನಕ್ಕೆ ಆ ಊರಲ್ಲಿ ಬರವಿರಲಿಲ್ಲ.

"ಅಲ್ಲ ಮಾರಾಯ್ರೇ, ನಿಮ್ಮ ಬೀರು ಆ ಬಾಡಿಗೆಯಷ್ಟು ಬಾಳುತ್ತಾ? ಇಲ್ಲೇ ಮಾರಿ ಹಗುರಾಗಿ ಹೋಗಿ" ಎಂದರು ಹೆಡ್‌ಮಾಸ್ತರು.

"ಪಟ್ಟಣದಲ್ಲಿ ಎಲ್ಲಾ ಸಿಗುತ್ತೆ ಸಾರ್, ಅಗ್ಗಕ್ಕೆ" ಎಂದ ಪಟ್ಟಣದಲ್ಲಿ ಯಾವತ್ತೂ ಏನೂ ಕೊಳ್ಳದ ಕಾಂಪೌಂಡರು.

"ಹೊಸ ಮನೆಗೆ ಹಳೇ ಕಸ ಯಾಕೋ?" ಎಂದಳು ದೊಡ್ಡಮ್ಮ.

ಹಾವೂ ಸಾಯಬೇಕು, ಕೋಲೂ ಮುರಿಯಬಾರದು. ಬಜೆಟ್ಟಪ್ಪನಿಗೆ ಉಪಾಯ ತುಂಬಾ ಹಿಡಿಸಿತು. ಮಾರಿದರೆ ಎರಡನೇ ಬಾಡಿಗೆಯೂ ಉಳಿಯಿತು, ಮೇಲೆ ಕೈಗೆ ಕಾಸೂ ಬಂತು! ಅವನು ತಲೆ ಎತ್ತುವಷ್ಟರಲ್ಲಿ, ಬೆಲ್ಲ ಇಟ್ಟ ಕಡೆ ಇರುವೆಯಂತೆ ಗುಜರಿ ಮಾಮ ಬಂದು ನಿಂತಿದ್ದ. ಹಳೇ ಸಾಮಾನು ಕೊಂಡು ಮಾರುವುದೇ ಅವನ ಕಸುಬು. ಮಾಮ ಬೀರುವನ್ನು ಬೆರಳಿನಿಂದ ಕುಟ್ಟಿದ, ಮಂಚವನ್ನು ಅಲುಗಾಡಿಸಿದ, ಯಾರೋ ತೀರಿಕೊಂಡವರಂತೆ ನಿಟ್ಟುಸಿರು ಬಿಟ್ಟ.

"ಉಪ್ಪುಗಾಳಿ ತಿಂದ ಮಾಲು ಸಾರ್. ಇದನ್ನ ತಗೊಳ್ಳೋದು ವ್ಯಾಪಾರ ಅಲ್ಲ, ಧರ್ಮ."

"ಮಾಮ, ಸ್ವಲ್ಪ ನೋಡಿ ಹೇಳಿ."

"ನೋಡಿಯೇ ಹೇಳ್ತಿದ್ದೀನಿ. ನೋಡದೇ ಇದ್ದಿದ್ರೆ ಇನ್ನೂ ಜಾಸ್ತಿ ಹೇಳ್ತಿದ್ದೆ."

ಬೀರು ಹೋಯಿತು. ಮಂಚ, ಮೇಜು, ಪಾತ್ರೆ ಜೋಡಿಸುವ ಸ್ಟ್ಯಾಂಡು, ಬಜೆಟ್ಟಪ್ಪ ದಿನಾ ಸಂಜೆ ಒರಗಿಕೊಳ್ಳುತ್ತಿದ್ದ ಆರಾಮ ಕುರ್ಚಿ, ಎಲ್ಲವೂ ಹೋದವು. ಕೊನೆಗೆ ಮಾಮನ ಕಣ್ಣು ಕೈ ಹೊಲಿಗೆ ಯಂತ್ರದ ಮೇಲೆ ಬಿತ್ತು. ಬಜೆಟ್ಟಪ್ಪ ಒಂದು ಗಳಿಗೆ ತಡೆದ. ಹೆಂಡತಿಯ ಅಂಗೈ ತಾಗಿ ತಾಗಿ ಅದರ ಮರದ ಹಿಡಿ ಬೆಣ್ಣೆ ಹಚ್ಚಿದಂತೆ ನುಣುಪಾಗಿತ್ತು. ಆದರೆ ಕಾಲಿನ ಯಂತ್ರ ಬರುವಾಗ ಕೈಯದ್ದು ಯಾಕೆ? ಆ ಕೈಗೆ ಇನ್ನಾದರೂ ವಿಶ್ರಾಂತಿ ಬೇಡವೇ? "ತಗೊಳ್ಳಿ ಮಾಮ" ಎಂದುಬಿಟ್ಟ.

ಮಾಮನ ಆಳುಗಳು ಎಲ್ಲವನ್ನೂ ತಳ್ಳಿಕೊಂಡು ಐಸ್ ಕಾರ್ಖಾನೆಯ ಹಿಂದಿನ ಶೆಡ್ಡಿನತ್ತ ಹೋದರು. ಉಳಿದದ್ದು ಒಂದು ಟ್ರಂಕು, ನಾಲ್ಕು ಗಂಟು, ಉಪ್ಪಿನ ಭರಣಿ. ಅಷ್ಟನ್ನು ಹೇರಿದರೆ ದೋಣಿಗೆ ಹೊಟ್ಟೆಗಿಲ್ಲದ ಹಾಗಾಯಿತು. ಕೆಂಪು ಪಟ್ಟಿ ನೀರಿನಿಂದ ಎಷ್ಟೋ ಮೇಲೆ, ಗೋಡೆಯ ಮೇಲಿನ ಬೆಕ್ಕಿನಂತೆ ಕೂತು ಅಣಕಿಸುತ್ತಿತ್ತು.

ಬಜೆಟ್ಟಪ್ಪನಿಗೆ ಈಗ ಹೊಸ ಸಂಕಟ. "ಪೂರ್ತಿ ಬಾಡಿಗೆ ಕೊಟ್ಟು ಗಾಳಿ ಸಾಗಿಸ್ತಾ ಇದ್ದೀನಲ್ರೀ! ಯಾರಾದ್ರೂ ಆಚೆ ದಡಕ್ಕೆ ಸಾಮಾನು ಕಳಿಸೋರಿದ್ರೆ ಬನ್ನಿ, ಜಾಗ ಇದೆ, ಅಗ್ಗಕ್ಕೆ!" ಎಂದು ದಕ್ಕೆಯ ಮೇಲೆ ನಿಂತು ತರಕಾರಿ ಮಾರುವವನಂತೆ ಕೂಗಿದ.

ಹೆಡ್‌ಮಾಸ್ತರು ಇಲ್ಲ ಎಂದರು. ಕಾಂಪೌಂಡರು ಜೇಬು ಮುಟ್ಟಿಕೊಂಡು ಹಿಂದೆ ಸರಿದ. ಗುಜರಿ ಮಾಮ ಮಾತ್ರ ಗಲ್ಲ ಕೆರೆದುಕೊಂಡು ಬಂದ.

"ನಂದೂ ಒಂದಿಷ್ಟು ಮಾಲು ಆಚೆ ಹೋಗೋದಿತ್ತು ಸಾರ್. ಏನೋ ಚಿಲ್ಲರೆ ಕೊಡ್ತೀನಿ, ಹಾಕ್ಕೊಳ್ತೀರಾ?"

"ಅದಕ್ಕೇನಂತೆ ಮಾಮ! ಏನ್ ಮಾಲು?"

"ಹಳೇ ಸಾಮಾನು. ಇನ್ನೇನಿರುತ್ತೆ ನನ್ನ ಹತ್ರ?"

ಮಾಮ ಎರಡು ನೋಟು ಕೈಗಿಟ್ಟ. ಬಜೆಟ್ಟಪ್ಪ ಅದನ್ನು 'ಅನಿರೀಕ್ಷಿತ ಆದಾಯ' ಎಂಬ ಹೊಸ ತಲೆಬರಹದಡಿ ಮನಸ್ಸಿನಲ್ಲೇ ಜಮಾ ಮಾಡಿದ. ಸ್ವಲ್ಪ ಹೊತ್ತಿಗೆಲ್ಲ ಟಾರ್ಪಾಲು ಹೊದ್ದು ಹಗ್ಗ ಬಿಗಿದ ಕೈಗಾಡಿಗಳು ಬಂದವು. ಒಂದೊಂದು ಹೇರಿದಂತೆ ದೋಣಿ ಇಷ್ಟಿಷ್ಟೇ ಕೆಳಗಿಳಿಯಿತು. ಬಜೆಟ್ಟಪ್ಪ ದಕ್ಕೆಯ ಅಂಚಿನಲ್ಲಿ ಬೋರಲು ಮಲಗಿ ಪಟ್ಟಿಯನ್ನೇ ನೋಡುತ್ತಿದ್ದ. ಕೊನೆಯ ಹೊರೆ ಹೇರಿದಾಗ ನೀರು ಪಟ್ಟಿಯ ಕೆಳಗಿನ ಅಂಚಿಗೆ ಮುತ್ತಿಟ್ಟು ನಿಂತಿತು. ಮುಳುಗಲಿಲ್ಲ!

"ಬಂತು! ಸರಿಯಾಗಿ ಬಂತು!" ಎಂದು ಅವನು ಎದ್ದು ಕುಣಿದ ಕುಣಿತಕ್ಕೆ ದೊಡ್ಡಮ್ಮನ ಕಣ್ಣಲ್ಲೂ ನೀರು ಬಂತು.

ದೋಣಿ ಯಜಮಾನ ಬೀಡಿ ತೆಗೆದ. "ಒಂದು ಕೂದಲೆಳೆ ಜಾಗ ವ್ಯರ್ಥ ಆಗಿಲ್ಲ. ಇಷ್ಟು ಲೆಕ್ಕವಾಗಿ ಹೇರಿದವರನ್ನ ನಾನು ನೋಡೇ ಇಲ್ಲ ಬಿಡಿ."

ಮಾಮನೂ ತನ್ನ ಮಾಲಿನ ಜೊತೆ ದೋಣಿ ಹತ್ತಿದ. ದಾರಿಯುದ್ದಕ್ಕೂ ಬಜೆಟ್ಟಪ್ಪ ಟಾರ್ಪಾಲಿನ ಹೊರೆಯ ಮೇಲೆ ಮಹಾರಾಜನಂತೆ ಕೂತಿದ್ದ. ಸಮುದ್ರದ ಮೇಲೆ ಬಿಸಿಲು ಕುಣಿಯುತ್ತಿತ್ತು, ಪಟ್ಟಣದ ದೀಪಸ್ತಂಭ ಹತ್ತಿರವಾಗುತ್ತಿತ್ತು. ಬೆನ್ನಿಗೆ ಏನೋ ಹಿತವಾಗಿ ಒತ್ತಿಕೊಂಡಿತ್ತು.

"ಏನ್ ವಿಚಿತ್ರ ಮಾಮ, ಮನೇಲಿ ಕೂತ ಹಾಗೇ ಇದೆ!"

"ನಿಮ್ಮದೇ ಅಂದ್ಕೊಂಡು ಆರಾಮಾಗಿ ಕೂತ್ಕೊಳ್ಳಿ ಸಾರ್" ಎಂದ ಮಾಮ ಪ್ರೀತಿಯಿಂದ.

ಹೊಸ ಮನೆಯ ಬಾಗಿಲಲ್ಲಿ ಹೆಂಡತಿ ಕಾಯುತ್ತಿದ್ದಳು. ಒಳಗೆ ಕರೆದುಕೊಂಡು ಹೋಗಿ ನಲ್ಲಿ ತಿರುಗಿಸಿ ತೋರಿಸಿದಳು, ಸಿಹಿ ನೀರು! ಬೀದಿ ಕಿಟಕಿಯ ಪಕ್ಕ, ಬೆಳಕು ಚೆನ್ನಾಗಿ ಬೀಳುವ ಮೂಲೆಯನ್ನು ಮೂರು ಸಲ ಒರೆಸಿಟ್ಟಿದ್ದಳು. "ಮಿಷನ್ನು ಇಲ್ಲಿ" ಎಂದಳು. ಆಮೇಲೆ ಕೈಗಾಡಿಯತ್ತ ನೋಡಿದಳು.

"ಉಳಿದಿದ್ದೆಲ್ಲ ಹಿಂದೆ ಬರ್ತಿದೆಯಾ?"

ಬಜೆಟ್ಟಪ್ಪ ಎದೆಯುಬ್ಬಿಸಿ ಪಟ್ಟಿಯ ಕತೆ ಹೇಳಿದ, ಧರ್ಮಾತ್ಮ ಮಾಮನ ಕತೆ ಹೇಳಿದ, ದುಡ್ಡಿನ ಕಟ್ಟನ್ನು ಆಕೆಯ ಕೈಗಿಟ್ಟ. ಕೈಯಂತ್ರವೂ ಹೋಯಿತೆಂದು ಕೇಳಿ ಆಕೆಯ ಮುಖ ಸಣ್ಣದಾಯಿತು. ಆದರೆ ಕಟ್ಟಿನ ದಪ್ಪ ನೋಡಿ ಮತ್ತೆ ಅರಳಿತು.

"ಅಂದ್ರೆ ಕಾಲಿನ ಮಿಷನ್ನು ಇವತ್ತೇ?"

"ಇವತ್ತೇ! ಹೊರಡು!"

"ತಡೀರಿ. ಶಾಲೆ ಬಟ್ಟೆ ಇಡೋಕೆ ಬೀರು ಬೇಡ್ವಾ? ಮಲಗೋಕೆ ಮಂಚ? ದಕ್ಕೆ ಹತ್ರ ಹಳೇ ಸಾಮಾನಿನ ಅಂಗಡಿ ಇದೆಯಂತೆ. ಅಲ್ಲಿ ಅಗ್ಗಕ್ಕೆ ಅವೆರಡನ್ನ ಹಿಡಿದು, ಉಳಿದಿದ್ದಕ್ಕೆ ಮಿಷನ್ನು."

ಎಂಥ ಹೆಂಡತಿ! ತನ್ನ ಜೊತೆಯಲ್ಲಿದ್ದು ಬಜೆಟ್ಟು ಕಲಿತುಬಿಟ್ಟಿದ್ದಾಳೆ ಎಂದು ಬಜೆಟ್ಟಪ್ಪ ಉಬ್ಬಿಹೋದ. ಇಬ್ಬರೂ ಹುಡುಗರಂತೆ ದಾಪುಗಾಲು ಹಾಕಿದರು.

ಅಂಗಡಿಯ ಬಾಗಿಲಲ್ಲೇ ಹೆಂಡತಿ ನಿಂತಳು. "ಅಯ್ಯೋ, ನೋಡ್ರೀ! ನಮ್ಮ ಬೀರುವಿನ ಜೊತೆಗೇ ಹುಟ್ಟಿದ ಹಾಗಿದೆ!"

ಬೀರುವಿನ ಹಿಡಿಕೆಯಲ್ಲಿ ಬ್ಯಾಂಡೇಜಿನ ಗಂಟು ಇನ್ನೂ ಹಾಗೇ ಇತ್ತು. ಪಕ್ಕದಲ್ಲಿ ಮಂಚ. ಅದರ ಪಕ್ಕ ಬಜೆಟ್ಟಪ್ಪನ ಬೆನ್ನಿನ ಅಚ್ಚು ಹೊತ್ತ ಆರಾಮ ಕುರ್ಚಿ. ಕುರ್ಚಿಯಲ್ಲಿ ಗುಜರಿ ಮಾಮ.

"ಬನ್ನಿ ಸಾರ್, ಬನ್ನಿ ತಾಯಿ! ಇದು ನಂದೇ ಇನ್ನೊಂದು ಅಂಗಡಿ. ಏನ್ ಕೊಡಲಿ?"

ಬಜೆಟ್ಟಪ್ಪನಿಗೆ ತಾನು ಬೋರಲು ಮಲಗಿ ನೋಡಿದ ಪಟ್ಟಿ ಕಣ್ಣಿಗೆ ಕಟ್ಟಿತು. ಟ್ರಂಕು, ಗಂಟು, ಭರಣಿ, ಬೀರು, ಮಂಚ, ಮೇಜು, ಕುರ್ಚಿ, ಹೊಲಿಗೆ ಯಂತ್ರ, ಅವನ ಇಡೀ ಮನೆ ಒಂದೇ ಬಾಡಿಗೆಯಲ್ಲಿ ಬಂದಿತ್ತು, ಮತ್ತು ಪಟ್ಟಿ ಮುಳುಗಿರಲಿಲ್ಲ. ಅಪ್ಪನ ಕಾಲದಿಂದ ನೋಡುತ್ತಿದ್ದ ದೋಣಿ ಯಜಮಾನನ ಕಣ್ಣಿಗೆ ಪೊರೆ ಬಂದಿತ್ತು ಅಷ್ಟೇ.

ಹೆಂಡತಿ ಆಗಲೇ ಹೋಗಿ ತನ್ನ ಯಂತ್ರದ ಹಿಡಿಯ ಮೇಲೆ ಕೈಯಿಟ್ಟು ನಿಂತಿದ್ದಳು. "ಇದು ಬೇಕು" ಎಂದಳು. "ಎಲ್ಲಾ ಬೇಕು."

ಮಾಮ ಬೆಲೆ ಹೇಳಿದ. ಬೆಳಿಗ್ಗೆಯ ಮೂರು ಪಟ್ಟು.

"ಏನ್ ಮಾಮ ಇದು ಅನ್ಯಾಯ!"

"ಬೆಳಿಗ್ಗೆ ಹೇಳಿದ್ದು ಆ ದಡದ ಬೆಲೆ ಸಾರ್, ಇದು ಈ ದಡದ್ದು. ನಡುವೆ ಸಮುದ್ರ ಇದೆಯಲ್ಲ, ಸಾಗಣೆ ಖರ್ಚು ಸೇರುತ್ತೆ."

"ಯಾವ ಸಾಗಣೆ? ಅದು ನಾನು ಹಿಡಿದ ದೋಣಿ!"

"ಅದಕ್ಕೇ ಹೇಳಿದ್ದು" ಎಂದ ಮಾಮ ಮೆಲ್ಲಗೆ. "ದೋಣಿ ಬಾಡಿಗೆ ಎಷ್ಟು ದುಬಾರಿ ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?"

ಚೌಕಾಸಿಯೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯಿತು. ಸಂಜೆಯೊಳಗೆ ಮನೆ ಮತ್ತೆ ಮೊದಲಿನ ಹಾಗೆಯೇ ತುಂಬಿತು, ದುಡ್ಡಿನ ಕಟ್ಟು ಬರಿದಾಯಿತು. 'ಅನಿರೀಕ್ಷಿತ ಆದಾಯ'ದ ಎರಡು ನೋಟೂ ಅಂಗಡಿಯಿಂದ ಮನೆಗೆ ತಳ್ಳಿದ ಕೂಲಿಗೆ ಹೋದವು.

ಹೆಂಡತಿ ಸೋಮವಾರಕ್ಕೆ ಮೊದಲೇ ಸ್ವಲ್ಪ ಮುಗಿಸಿಬಿಡೋಣವೆಂದು ಕಿಟಕಿಯ ಮೂಲೆಯಲ್ಲಿ ಯಂತ್ರ ಇಟ್ಟುಕೊಂಡು, ನೀಲಿ ಬಟ್ಟೆ ಹರಡಿ, ಸೂಜಿಗೆ ದಾರ ಪೋಣಿಸಿದಳು. ಉಪ್ಪಾದ ಪ್ಯಾಂಟು ಒಗೆಯಲು ಹೊರಟಿದ್ದ ಗಂಡನನ್ನು ಕರೆದು, ಪಕ್ಕದಲ್ಲಿ ಸ್ಟೂಲು ಎಳೆದಳು.

"ಕೂತ್ಕೊಳ್ಳಿ. ಕಾಲಿನ ಮಿಷನ್ನು ಕೊಡಿಸ್ತೀನಿ ಅಂದಿದ್ರಿ. ಹೋಗಲಿ, ಕೈಯಾದ್ರೂ ಕೊಡಿ."

ಬಜೆಟ್ಟಪ್ಪ ಕೂತು ಹಿಡಿ ತಿರುಗಿಸತೊಡಗಿದ. ಆಕೆ ಎರಡೂ ಕೈಯಲ್ಲಿ ಬಟ್ಟೆ ನೂಕುತ್ತಾ, "ಇನ್ನೂ ಜೋರಾಗಿ" ಎಂದಳು.