ಒಪ್ಪಿಸಲು ಹೊರಟ ಬಂದೂಕು

ಸೊಕ್ಕೆಯ ಪಂಚಾಯಿತಿ ಗ್ರಂಥಾಲಯ ನೋಡಿಕೊಳ್ಳುವ ತಿಪ್ಪೇರುದ್ರಸ್ವಾಮಿಯ ಮೇಲೆ ಆಯುಧ ಕಾಯ್ದೆಯ ಕೇಸು ಬೀಳಲು ಮೂಲ ಕಾರಣ, ಮನೆಗೆ ಸುಣ್ಣ ಬಳಿಸಬೇಕೆಂದು ಅವನ ಹೆಂಡತಿ ಶಿವಲೀಲಾಗೆ ಅನ್ನಿಸಿದ್ದು. ಸುಣ್ಣದವನು ಬರುವ ಮೊದಲು ಅಟ್ಟ ಖಾಲಿ ಮಾಡೋಣವೆಂದು ಅವಳು ಬೆಳಿಗ್ಗೆಯೇ ಏಣಿ ಹತ್ತಿದಳು. ಹಳೇ ಕೌದಿಯೊಂದನ್ನು ಎಳೆದಾಗ ಅದರೊಳಗಿಂದ ಮಾವನ ಬಂದೂಕು ಜಾರಿ ಬಂತು.

ಶೇಂಗಾ ಹೊಲಕ್ಕೆ ನುಗ್ಗುವ ಹಂದಿಗಳನ್ನು ಹೆದರಿಸಲೆಂದು ಆ ಹಿರಿಯರು ಲೈಸೆನ್ಸು ಮಾಡಿಸಿ ಇಟ್ಟುಕೊಂಡಿದ್ದ ಒಂಟಿ ನಳಿಗೆಯ ಬಂದೂಕು ಅದು. ಅವರು ತೀರಿಕೊಂಡು ನಾಲ್ಕು ವರ್ಷವಾಗಿತ್ತು. ಲೈಸೆನ್ಸಿನ ಆಯುಷ್ಯವೂ ಅವರ ಜೊತೆಗೇ ಮುಗಿದಿತ್ತು. ಠಾಣೆಗೆ ಒಪ್ಪಿಸಬೇಕು ಎಂಬುದು ತಿಪ್ಪೇರುದ್ರಸ್ವಾಮಿಗೆ ಗೊತ್ತಿಲ್ಲದ ಮಾತಲ್ಲ. ಆದರೆ ಠಾಣೆಯ ಮೆಟ್ಟಿಲು ಹತ್ತಲು ಧೈರ್ಯ ಬೇಕಲ್ಲ. ಗ್ರಂಥಾಲಯದಲ್ಲಿ ಯಾರಾದರೂ ಪೇಪರನ್ನು ಜೋರಾಗಿ ಮಡಚಿದರೂ ಬೆಚ್ಚಿಬೀಳುವ ಆಸಾಮಿ ಅವನು.

"ಇವತ್ತು ಸಂಜೆ ಒಳಗೆ ಇದು ಮನೇಲಿ ಇರಬಾರದು. ಇದ್ರೆ ನಾನು ಇರಂಗಿಲ್ಲ," ಎಂದಳು ಶಿವಲೀಲಾ.

ಈ ಮಾತು ಗೋಡೆಯಾಚೆಯ ಜಂಪಣ್ಣನಿಗೆ ಕೇಳಿಸಿತು. ಜಂಪಣ್ಣನಿಗೆ ಕೇಳಿಸದ ಮಾತು ಆ ಓಣಿಯಲ್ಲಿ ಯಾರೂ ಆಡಿರಲಿಲ್ಲ. ಎರಡು ಸಲ ಪಂಚಾಯಿತಿ ಚುನಾವಣೆಗೆ ನಿಂತು ಎರಡು ಸಲವೂ ಸೋತವನು. ಸೋತ ಮೇಲೂ ಊರಿನ ಸೇವೆ ಬಿಟ್ಟಿರಲಿಲ್ಲ. ಹಲ್ಲುಜ್ಜುತ್ತಲೇ ಒಳಗೆ ಬಂದು, ಪೊಲೀಸರ ಹತ್ತಿರ ಹೆಂಗೆ ಮಾತಾಡಬೇಕು ಅಂತ ತನಗೆ ಗೊತ್ತೈತೆ, ನೀನೊಬ್ಬನೇ ಹೋದರೆ ಹೆದರಿ ಏನೋ ಒಂದು ಹೇಳಿ ಸಿಕ್ಕಿಹಾಕಿಕೊಳ್ತೀಯ, ತಾನೂ ಜೊತೆಗೆ ಬರುತ್ತೇನೆ ಎಂದ. ಬೇಡವೆನ್ನುವ ಧೈರ್ಯವೂ ತಿಪ್ಪೇರುದ್ರಸ್ವಾಮಿಗೆ ಇರಲಿಲ್ಲ.

ಬಂದೂಕನ್ನು ಮತ್ತೆ ಕೌದಿಯಲ್ಲೇ ಸುತ್ತಿದರು. ಎಷ್ಟು ಸುತ್ತಿದರೂ ನಳಿಗೆಯ ತುದಿ ಗೇಣುದ್ದ ಹೊರಗೆ ಇಣುಕುತ್ತಿತ್ತು. ಬಸ್ಸಿನಲ್ಲಿ ಕಂಡಕ್ಟರು ಏನದು ಎಂದು ಕೇಳಿದಾಗ ತಿಪ್ಪೇರುದ್ರಸ್ವಾಮಿ ಬೋರ್‌ವೆಲ್ ಪೈಪು ಎಂದು ಹೇಳಲು ಬಾಯಿ ತೆರೆದಿದ್ದ. ಅಷ್ಟರಲ್ಲಿ ಜಂಪಣ್ಣ, ಸುಳ್ಳು ಯಾಕೆ ಹೇಳಬೇಕು, ನಾವೇನು ಕಳ್ಳರಾ ಎಂದು ಇಡೀ ಬಸ್ಸಿಗೆ ಕೇಳುವಂತೆ ನಿಜವನ್ನು ಹೇಳಿಬಿಟ್ಟ. ಕಾಲಿಡಲು ಜಾಗವಿಲ್ಲದ ಬಸ್ಸಿನಲ್ಲಿ ತಿಪ್ಪೇರುದ್ರಸ್ವಾಮಿಯ ಸುತ್ತಲಿನ ಮೂರು ಸಾಲು ಒಂದೇ ಗಳಿಗೆಯಲ್ಲಿ ಖಾಲಿಯಾದವು. ಅವನು ಹೊಸ ಮದುವಣಿಗನ ಹಾಗೆ ಒಬ್ಬನೇ, ಬೆವರುತ್ತ, ಜಗಳೂರಿನ ತನಕ ಕೂತು ಬಂದ.

ಠಾಣೆಯ ಬಾಗಿಲಲ್ಲಿ ನಿಂತಿದ್ದ ಪೇದೆಯನ್ನು ಸಾಹೇಬರಿದ್ದಾರಾ ಎಂದಷ್ಟೇ ಕೇಳಿದರು. ಅರ್ಧ ಗಂಟೆಯಲ್ಲಿ ಬರುತ್ತಾರೆ, ಒಳಗೆ ಬೆಂಚಿನ ಮೇಲೆ ಕೂತಿರಿ ಎಂದ ಅವನು. ತಿಪ್ಪೇರುದ್ರಸ್ವಾಮಿ ಕೂರಲು ಹೋದ. ಜಂಪಣ್ಣ ತೋಳು ಹಿಡಿದೆಳೆದು, ಎದುರಿಗೇ ಕೊಟ್ರಮ್ಮನ ಹೋಟೆಲಿದೆ, ಮಂಡಕ್ಕಿ ಮೆಣಸಿನಕಾಯಿ ತಿಂದು ಬಂದರಾಯಿತು ಎಂದ.

ಕೊಟ್ರಮ್ಮನ ಹೋಟೆಲಿನ ಬೆಂಚಿನಲ್ಲಿ ಏಳೆಂಟು ಮಂದಿ ಇದ್ದರು. ಕೌದಿಯೊಳಗಿನ ಸಾಮಾನು ಏನೆಂದು ಒಬ್ಬ ಕೇಳಿದ. ಅಷ್ಟೇ ಸಾಕಾಯಿತು. ಜಂಪಣ್ಣ ಕೌದಿ ಬಿಚ್ಚಿದ, ಬಂದೂಕನ್ನು ಹೆಗಲಿಗೇರಿಸಿದ, ತಿಪ್ಪೇರುದ್ರಸ್ವಾಮಿಯ ಅಪ್ಪ ಹುಣಸೇಮರದ ಬುಡದಲ್ಲಿ ಹೆಂಗೆ ಕೂರುತ್ತಿದ್ದರು, ಹಂದಿ ಹೆಂಗೆ ಬರುತ್ತಿತ್ತು ಎಂದು ಅಭಿನಯಿಸಿ ತೋರಿಸತೊಡಗಿದ. ಒಮ್ಮೆ ಅವರಾದ, ಒಮ್ಮೆ ಹಂದಿಯೂ ಆದ.

"ಬ್ಯಾಡ ಜಂಪಣ್ಣ, ಇಳಿಸು," ಎಂದ ತಿಪ್ಪೇರುದ್ರಸ್ವಾಮಿ.

"ನಾಕು ವರ್ಷದಿಂದ ಅಟ್ಟದ ಮ್ಯಾಲೆ ಬಿದ್ದೈತೆ. ಇದರಾಗೆ ಏನಿರಾಕೆ ಸಾಧ್ಯ," ಎಂದು ಜಂಪಣ್ಣ ಬಂದೂಕಿನ ಕುದುರೆ ಎಳೆದ.

ಇದ್ದಿದ್ದು ನಾಲ್ಕು ವರ್ಷದ ಹಿಂದೆ ಆ ಹಿರಿಯರು ಯಾವುದೋ ಹಂದಿಗೆಂದು ತುಂಬಿಟ್ಟು, ಹಂದಿಯೂ ಬಾರದೆ ತಾವೂ ಉಳಿಯದೆ ಮರೆತುಹೋಗಿದ್ದ ಮದ್ದು. ಬೀದಿಗೆ ಬೀದಿಯೇ ಅದುರುವಂಥ ಸದ್ದು. ಕಾಗೆಗಳೆಲ್ಲ ಮೇಲೆದ್ದವು, ಬೆಂಚಿನಲ್ಲಿದ್ದವರೆಲ್ಲ ಕೆಳಗೆ ಬಿದ್ದರು. ಹೊಗೆ ತಿಳಿಯಾಗುವ ಹೊತ್ತಿಗೆ, ರಸ್ತೆಯಾಚೆ ಕಟ್ಟಿದ್ದ ಹನ್ನೆರಡು ಅಡಿಯ ಹುಟ್ಟುಹಬ್ಬದ ಫ್ಲೆಕ್ಸಿನಲ್ಲಿ ಕೈ ಮುಗಿದು ನಗುತ್ತಿದ್ದ ಮುಖಂಡ ಜಯದೇವಪ್ಪನವರ ಎಡಗಣ್ಣೂ ಮುಂದಿನ ನಾಲ್ಕು ಹಲ್ಲೂ ಹೋಗಿದ್ದವು. ಪುಣ್ಯಕ್ಕೆ ಮನುಷ್ಯರಿಗೆ ಯಾರಿಗೂ ಏನೂ ಆಗಿರಲಿಲ್ಲ.

"ಒಂಚೂರು ಹಿಡಕೋ," ಎಂದು ಜಂಪಣ್ಣ ಬಂದೂಕನ್ನು ಗೆಳೆಯನ ಕೈಗೆ ಕೊಟ್ಟ. ಯಾರಾದರೂ ಏನಾದರೂ ಕೈಗೆ ಕೊಟ್ಟರೆ ಹಿಡಿದುಕೊಳ್ಳುವುದು ತಿಪ್ಪೇರುದ್ರಸ್ವಾಮಿಯ ಸ್ವಭಾವ. ಅವನು ಹಿಡಿದುಕೊಂಡ. ತಿರುಗಿ ನೋಡಿದರೆ ಜಂಪಣ್ಣನಿರಲಿಲ್ಲ. ಬೆಂಚಿನ ಕೆಳಗಿಂದ ಎದ್ದವರೆಲ್ಲ ಆಗಲೇ ಫೋನು ತೆಗೆದಿದ್ದರು. ಹೀಗಾಗಿ ಆ ಮಧ್ಯಾಹ್ನ ತಾಲ್ಲೂಕಿನಲ್ಲೆಲ್ಲ ಹರಿದಾಡಿದ ಅಷ್ಟೂ ವಿಡಿಯೋಗಳಲ್ಲಿ ಇದ್ದದ್ದು ಒಬ್ಬನೇ: ಹೊಗೆಯಾಡುವ ನಳಿಗೆ ಹಿಡಿದು, ಜಯದೇವಪ್ಪನವರ ತೂತುಬಿದ್ದ ಮುಖವನ್ನು ಎವೆಯಿಕ್ಕದೆ ನೋಡುತ್ತ ನಿಂತ ತಿಪ್ಪೇರುದ್ರಸ್ವಾಮಿ. ಠಾಣೆ ಎದುರಿಗೇ ಇದ್ದುದರಿಂದ ಪೊಲೀಸರಿಗೆ ಜೀಪು ತೆಗೆಯುವ ತಾಪತ್ರಯವೂ ಬರಲಿಲ್ಲ.

ಸಾಹೇಬರು ಬಂದರು. ಇವನು ಅಳುತ್ತ, ನಾನು ಬಂದೂಕು ಒಪ್ಪಿಸಲು ಬಂದವನು ಸಾರ್ ಎಂದ. "ಒಪ್ಪಿಸಾಕೆ ಬಂದೋರು ಖಾಲಿ ಮಾಡಿ ಒಪ್ಪಿಸಾಣ ಅಂದ್ಕಂಡ್ರೇನ್ರಿ?" ಎಂದು ಕೇಳಿದರು ಅವರು. ಆದರೆ ಕೆಟ್ಟ ಮನುಷ್ಯರಲ್ಲ. ಕಾಗದ ಕೊಟ್ಟು, ನಡೆದದ್ದೆಲ್ಲ ಬರೆಯಿರಿ, ಏನೂ ಮುಚ್ಚಿಡಬೇಡಿ ಎಂದರು. ತಿಪ್ಪೇರುದ್ರಸ್ವಾಮಿ ಅಟ್ಟದಿಂದ ಹಿಡಿದು ಕೊಟ್ರಮ್ಮನ ಹೋಟೆಲಿನ ತನಕ ಮುತ್ತಿನಂಥ ಅಕ್ಷರದಲ್ಲಿ ನಾಲ್ಕು ಪುಟ ಬರೆದು, ಗುಂಡು ಹಾರಿಸಿದವನು ಜಂಪಣ್ಣ ಎಂಬ ಸಾಲಿನ ಕೆಳಗೆ ಎರಡೆರಡು ಗೆರೆ ಎಳೆದ. ಜಂಪಣ್ಣನ ಫೋನು ಸ್ವಿಚ್ ಆಫ್ ಆಗಿತ್ತು. ಕೊಟ್ರಮ್ಮನನ್ನು ಕರೆಸಿ ಕೇಳಿದರೆ, ತಾನು ಬಾಣಲೆ ಕಡೆ ನೋಡುತ್ತಿದ್ದೆ ಎಂದಳು.

ಹೊರಗೆ ಜಯದೇವಪ್ಪನವರ ಬೆಂಬಲಿಗರು ಸೇರಿ, ಇದು ಕೊಲೆ ಯತ್ನವೆಂದು ಧಿಕ್ಕಾರ ಕೂಗುತ್ತಿದ್ದರು. ಸ್ವಲ್ಪ ಹೊತ್ತಿಗೆ ಜಯದೇವಪ್ಪನವರೇ ಒಳಗೆ ಬಂದರು. ಕಣ್ಣು, ಹಲ್ಲು ಎಲ್ಲವೂ ಇದ್ದ ಅವರನ್ನು ನೋಡಿ ತಿಪ್ಪೇರುದ್ರಸ್ವಾಮಿಗೆ ಎಷ್ಟು ಸಮಾಧಾನವಾಯಿತೆಂದರೆ ಎದ್ದು ಕಾಲಿಗೆ ಬೀಳಲು ಹೋದ. ಅವನು ಮತ್ತೇನೋ ಮಾಡಲು ಬಂದನೆಂದು ತಿಳಿದು ಅವರು ಮೇಜಿನ ಹಿಂದೆ ಸರಿದರು. ಅದೂ ವಿಡಿಯೋ ಆಯಿತು.

ಮೂರು ಗಂಟೆಗೆ ಪಂಚಾಯಿತಿಯಿಂದ ಫೋನು ಬಂತು. ಕ್ರಿಮಿನಲ್ ಕೇಸಿನಲ್ಲಿ ಸಿಕ್ಕವನ ಕೈಯಲ್ಲಿ ಮಕ್ಕಳು ಓದುವ ಜಾಗ ಬಿಡಲು ಆಗುವುದಿಲ್ಲ, ಗ್ರಂಥಾಲಯದ ಬೀಗದಕೈ ತಂದುಕೊಡಿ ಎಂದರು. ಹದಿನಾಲ್ಕು ವರ್ಷ ಅವನೇ ಒರೆಸಿ, ನಂಬರು ಅಂಟಿಸಿ ಜೋಡಿಸಿದ ಪುಸ್ತಕಗಳು. ಹಿಂದೆಯೇ ಶಿವಲೀಲಾ ಫೋನು ಮಾಡಿದಳು. ಬಂದೂಕು ಕೊಟ್ಟಾಯ್ತಾ ಎಂದು ಕೇಳಿದಳು. ಕೊಟ್ಟಾಯ್ತು ಎಂದ. ಅದು ನಿಜವೇ ಆಗಿತ್ತು.

ನಾಲ್ಕರ ಸುಮಾರಿಗೆ ಇನ್ನೊಂದು ಗುಂಪು ಹಾರ ಹಿಡಿದು ಬಂತು. ಜಯದೇವಪ್ಪನವರ ಎದುರಾಳಿ ಪಾಪಣ್ಣನವರ ಕಡೆಯವರು. ತಾಲ್ಲೂಕಿನಲ್ಲಿ ಕೊನೆಗೂ ಒಬ್ಬ ಗಂಡಸು ಹುಟ್ಟಿದ, ಮುಂದಿನ ಚುನಾವಣೆಗೆ ನಮ್ಮ ಕಡೆಯಿಂದ ಅವನೇ ನಿಲ್ಲಬೇಕು ಎಂದು ಪಾಪಣ್ಣನವರು ಮೆಟ್ಟಿಲ ಮೇಲೆ ನಿಂತು ಘೋಷಿಸಿದರು. ತಿಪ್ಪೇರುದ್ರಸ್ವಾಮಿ ಕಿಟಕಿಯಿಂದ ಕೈ ಮುಗಿದು, ಹೊಡೆದವನು ನಾನಲ್ಲ, ಜಂಪಣ್ಣ ಎಂದು ಬೇಡಿಕೊಂಡ. ಎಷ್ಟು ವಿನಯ ನೋಡಿರಿ ಎಂದು ಅವರು ಇನ್ನಷ್ಟು ಜೋರಾಗಿ ಜೈಕಾರ ಹಾಕಿದರು. ಪಾಪಣ್ಣನವರ ಭಾಷಣವೂ ಫೋನಿನಿಂದ ಫೋನಿಗೆ ಹೋಯಿತು, ಸೊಕ್ಕೆಗೂ ಹೋಯಿತು.

ಐದೂವರೆಗೆ, ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು, ಹಣೆಗೆ ವಿಭೂತಿ ಹಚ್ಚಿಕೊಂಡು ಜಂಪಣ್ಣ ಠಾಣೆಯ ಮೆಟ್ಟಿಲು ಹತ್ತಿದ. ಎರಡೂ ಗುಂಪಿನ ನಡುವೆ ನಿಂತು ಗಂಟಲು ಸರಿಮಾಡಿಕೊಂಡ.

"ಹೊಡೆದೋನು ನಾನು. ತಿಪ್ಪಣ್ಣನಿಗೂ ಇದಕ್ಕೂ ಸಂಬಂಧ ಇಲ್ಲ."

ತಿಪ್ಪೇರುದ್ರಸ್ವಾಮಿ ಮಗುವಿನ ಹಾಗೆ ಅತ್ತ. ಬೆಳಿಗ್ಗೆಯಿಂದ ಜಂಪಣ್ಣನಿಗೆ ಹಾಕಿದ ಅಷ್ಟೂ ಶಾಪವನ್ನು ಮನಸ್ಸಿನಲ್ಲೇ ವಾಪಸು ತೆಗೆದುಕೊಂಡ. ಕೊಟ್ರಮ್ಮನಿಗೂ ನೆನಪು ಮರಳಿತು. ಹೌದು, ಹೊಡೆದವನು ಇವನೇ, ಬಾಣಲೆಯಿಂದ ತಲೆ ಎತ್ತಿದಾಗ ನೋಡಿದ್ದೆ ಎಂದಳು. ಹೋಟೆಲಿನಲ್ಲಿದ್ದ ಇನ್ನಿಬ್ಬರೂ ಹಾಗೆಯೇ ಹೇಳಿದರು. ಬಂದೂಕು ತುಂಬಿದೆ ಎಂದು ಇವನಿಗೆ ಗೊತ್ತಿರಲಿಲ್ಲ ಎಂದೂ ಹೇಳಿದರು. ಕೊಲೆ ಯತ್ನದ ಮಾತು ಅಲ್ಲಿಗೆ ಬಿದ್ದುಹೋಯಿತು. ಸಾಹೇಬರು ಜಂಪಣ್ಣನ ಹೇಳಿಕೆ ಬರೆಸಿಕೊಂಡು, ಅಜಾಗರೂಕತೆಯ ಕೇಸು ಹಾಕಿ, ಠಾಣೆಯಲ್ಲೇ ಜಾಮೀನು ಕೊಟ್ಟರು. ಪಾಪಣ್ಣನವರ ಕಡೆಯವರು ಅವನಿಗೆ ಹಾರ ಹಾಕಿ ಹೆಗಲ ಮೇಲೆ ಹೊತ್ತರು.

ತಿಪ್ಪೇರುದ್ರಸ್ವಾಮಿ ಕೌದಿ ಮಡಚಿ ಕಂಕುಳಲ್ಲಿ ಇಟ್ಟುಕೊಂಡು ಎದ್ದ. ಕೊನೇ ಬಸ್ಸಿಗೆ ಇನ್ನೂ ಹೊತ್ತಿತ್ತು.

"ನೀವೆಲ್ಲಿಗ್ರೀ?" ಎಂದರು ಸಾಹೇಬರು.

"ಊರಿಗೆ ಸಾರ್. ಹೊಡೆದೋನು ಸಿಕ್ಕನಲ್ರಿ."

ಸಾಹೇಬರು ಅವನನ್ನು ಕೂರಿಸಿ, ನಿಧಾನವಾಗಿ, ನೊಂದುಕೊಂಡೇ ವಿವರಿಸಿದರು. ಗುಂಡು ಹಾರಿಸಿದ ಕೇಸು ಜಂಪಣ್ಣನದು, ಅದಕ್ಕೆ ಇಲ್ಲೇ ಜಾಮೀನು ಸಿಗುತ್ತದೆ. ಲೈಸೆನ್ಸಿಲ್ಲದ ಬಂದೂಕನ್ನು ನಾಲ್ಕು ವರ್ಷ ಮನೆಯಲ್ಲಿಟ್ಟದ್ದು, ಬಸ್ಸಿನಲ್ಲಿ ತಂದದ್ದು, ಅದು ಇನ್ನೊಬ್ಬನ ಕೈಗೆ ಹೋಗಲು ಬಿಟ್ಟದ್ದು ಬೇರೆ ಕೇಸು. ಅದಕ್ಕೆ ಜಾಮೀನು ಕೊಡುವ ಅಧಿಕಾರ ತಮಗಿಲ್ಲ, ನಾಳೆ ನ್ಯಾಯಾಧೀಶರ ಮುಂದೆ ನಿಲ್ಲಿಸಬೇಕು.

"ಇಟ್ಕಂಡಿದ್ದು ನಾನೇ ಅಂತ ನೋಡಿದೋರು ಯಾರಾದ್ರೂ..." ಎಂದು ಅವನು ತೊದಲಿದ.

"ನೋಡಿದೋರು ಯಾಕೆ ಬೇಕ್ರಿ? ನಾಕು ಪುಟ ನೀವೇ ಬರೆದುಕೊಟ್ಟೀರಲ್ಲ," ಎಂದರು ಸಾಹೇಬರು. "ಬಂದೂಕೂ ನೀವೇ ತಂದುಕೊಟ್ಟೀರಿ."

ತಿಪ್ಪೇರುದ್ರಸ್ವಾಮಿ ಕಂಕುಳಲ್ಲಿದ್ದ ಕೌದಿಯನ್ನು ಬೆಂಚಿನ ಮೇಲಿಟ್ಟ. ಮೆರವಣಿಗೆ ಹೊರಡುವ ಮುನ್ನ ಕಿಟಕಿಯ ಹತ್ತಿರ ಬಂತು. ಹೆಗಲ ಮೇಲಿದ್ದ ಜಂಪಣ್ಣ ಹಾರದ ನಡುವಿನಿಂದ ಬಗ್ಗಿ ಒಳಗೆ ನೋಡಿ ಹೇಳಿದ, "ಹೆದರಬ್ಯಾಡ ತಿಪ್ಪಣ್ಣ. ನಾಳೆ ಕೋರ್ಟಿಗೆ ನಿನ್ನ ಜೊತೆ ನಾನೂ ಬರ್ತೀನಿ."

ಒಂದು ಇಲಿಯನ್ನೂ ಹೊಡೆದವನಲ್ಲ ತಿಪ್ಪೇರುದ್ರಸ್ವಾಮಿ. ಕೈಯಲ್ಲೊಂದು ಬಂದೂಕು ಇರಬೇಕಿತ್ತು ಎಂದು ಅವನಿಗೆ ಜನ್ಮದಲ್ಲಿ ಮೊದಲ ಸಲ ಅನ್ನಿಸಿತು.