ಅಂಬರಾಯನ ಹೀಬ್ರೂ ಪಾಂಡಿತ್ಯ

ಹೆಂಡತಿಗೆ ಸುಳ್ಳು ಹೇಳುವುದಾದರೆ ಊರಲ್ಲಿ ಯಾರಿಗೂ ತಾಳೆ ನೋಡಲು ಬರದಂಥ ಸುಳ್ಳು ಹೇಳಬೇಕು. ಇದು ಶಹಾಬಾದಿನ ಕಾರ್ಖಾನೆಯೊಂದರ ಗುಮಾಸ್ತ ಅಂಬರಾಯನ ಸಿದ್ಧಾಂತ. ದಿನಾ ಸಂಜೆ ಆರರಿಂದ ಎಂಟರವರೆಗೆ ಆತ ನೌಕರರ ಕ್ಲಬ್ಬಿನಲ್ಲಿ ಇಸ್ಪೇಟ್ ಆಡುತ್ತಿದ್ದ. ಮನೆಯಲ್ಲಿ ಹೇಳಿದ್ದು ಮಾತ್ರ, "ಕ್ಲಬ್ಬಿನಾಗ ಕುಂತು ಹೀಬ್ರೂ ಕಲೀಲಿಕತ್ತೀನಿ." (ಇಂಗ್ಲಿಷ್ ಎಂದಿದ್ದರೆ ಭಾವಮೈದುನ ಪರೀಕ್ಷೆ ಮಾಡುತ್ತಿದ್ದ, ಉರ್ದು ಎಂದಿದ್ದರೆ ಇಡೀ ಓಣಿಯೇ ಮಾಡುತ್ತಿತ್ತು.) ಹೆಂಡತಿ ಮಹಾದೇವಮ್ಮ ಗಂಡನ ವಿದ್ಯೆಗೆ ಕಣ್ಣು ಬೀಳಬಾರದೆಂದು ಅಮಾವಾಸ್ಯೆಗೊಮ್ಮೆ ದೃಷ್ಟಿ ಬೇರೆ ತೆಗೆಯುತ್ತಿದ್ದಳು.

ಎಂಟು ತಿಂಗಳು ಸುಖವಾಗಿ ಕಳೆಯಿತು. ಆಮೇಲೊಂದು ಭಾನುವಾರ ಕ್ಲಬ್ಬಿನಲ್ಲಿ ಎಲ್ಲರೂ ಸಂಸಾರಸಮೇತ ಭಕ್ತಿ ಚಿತ್ರ ನೋಡಲು ಕೂತಿದ್ದಾಗ, ಮುಂಬಯಿಯಿಂದ ಬಂದ ರೀಲಿನ ಡಬ್ಬಿ ಅದಲುಬದಲಾಗಿ ಹೀಬ್ರೂ ಚಿತ್ರ ಬಂದಿದೆಯೆಂದು ಅದರ ಮೇಲಿನ ಚೀಟಿಯಿಂದ ತಿಳಿಯಿತು. ಎಂದೂ ಕ್ಲಬ್ಬಿನತ್ತ ತಲೆ ಹಾಕದ ಕಾರ್ಖಾನೆಯ ಮ್ಯಾನೇಜರು ಅಂದೇ ಬಂದಿದ್ದರು. ಪಾಪ, ತಲೆಯ ಮೇಲೆ ಕೈ ಹೊತ್ತರು.

ಮಹಾದೇವಮ್ಮ ಎದ್ದು ನಿಂತಳು. "ಯಾಕ್ ಚಿಂತಿ ಮಾಡ್ತೀರಿ ಸಾಹೇಬ್ರ? ನಮ್ಮವರಿಗಿ ಹೀಬ್ರೂ ನೀರು ಕುಡಿದಷ್ಟು ಸಸಾರ. ಅವರು ಅರ್ಥ ಹೇಳ್ತಾರ, ಚಾಲೂ ಮಾಡಸ್ರಿ!"

ಅಂಬರಾಯ ಎದ್ದು ಪರದೆಯ ಪಕ್ಕಕ್ಕೆ ಹೋಗಿ ನಿಂತ. ಸಿಕ್ಕಿಬಿದ್ದರೆ ಮಾನ ಹೋಗುತ್ತದೆ. ಅದು ಹೋದರೂ ಹೋಗಲಿ, ಸಂಜೆಯ ಇಸ್ಪೇಟ್ ಹೋಗುತ್ತದಲ್ಲ! (ಜೊತೆಗೆ ಆಡುವವರು ಬಾಯಿ ಬಿಡಲಿಲ್ಲ. ಅವರಿಗೂ ಹೆಂಡತಿಯರಿದ್ದರು.)

ಪರದೆಯ ಮೇಲೆ ಗಡ್ಡದವನೊಬ್ಬ ಒಂದೇ ಕತ್ತೆಯನ್ನು ಇಬ್ಬರಿಗೆ ಮಾರಿ, ಇಬ್ಬರೂ ಜಗಳಕ್ಕೆ ಬಂದಾಗ ಕತ್ತೆಯನ್ನೇ ತಬ್ಬಿಕೊಂಡು ಅತ್ತ. ಜನ ಬಿದ್ದು ಬಿದ್ದು ನಕ್ಕರು. "ಭಾಳ ಬೆರಕಿ ಮನಷ್ಯಾ, ಆದ್ರ ಮನಸ್ಸು ಬಂಗಾರ," ಎಂದು ಅಂಬರಾಯ ವ್ಯಾಖ್ಯಾನ ಶುರು ಮಾಡಿದ. ಅಷ್ಟರಲ್ಲಿ ತರುಣಿಯೊಬ್ಬಳು "ಅಬ್ಬಾ! ಅಬ್ಬಾ!" ಎನ್ನುತ್ತ ಓಡಿಬಂದು ಗಡ್ಡದವನ ಕೈ ಹಿಡಿದಳು.

"ಈಕಿ ಇವನ ಎರಡನೇ ಹೆಂಡ್ತಿ. ಗಂಡನ ಶಾಣ್ಯಾತನಕ್ಕ 'ಅಬ್ಬಬ್ಬಾ' ಅಂತ ಬೆರಗಾಗ್ಯಾಳ!"

"ತೋಬಾ ತೋಬಾ!" ಪ್ರೊಜೆಕ್ಟರ್ ನಡೆಸುವ ಶೌಕತ ಅಲಿಯ ಹೆಂಡತಿ ಹಸೀನಾಬೇಗಂ ಚೀರಿದಳು. "ಅಬ್ಬಾ ಅಂದ್ರ ಅಪ್ಪ ಅಲ್ರಿ ಭಾಯಿಸಾಬ್? ನಮ್ಮ ಮಕ್ಕಳು ದಿನಾ ಹಂಗೇ ಕರೀತಾವ. ಆಕಿ ಮಗಳ್ರಿ!"

ಸಭೆಯೆಲ್ಲ ಅಂಬರಾಯನ ಕಡೆ ತಿರುಗಿತು. "ಏನ್ರಿ ಇದು?" ಎಂದಳು ಮಹಾದೇವಮ್ಮ, ಸಣ್ಣ ದನಿಯಲ್ಲಿ. ಅದೇ ಹೊತ್ತಿಗೆ ಪರದೆಯ ಮೇಲೆ ತರುಣಿ ವರನೊಬ್ಬನನ್ನು ಕರೆತಂದಳು. ಗಡ್ಡದವನು ಇಬ್ಬರ ತಲೆಯ ಮೇಲೂ ಕೈಯಿಟ್ಟು ಹರಸಿಬಿಟ್ಟ.

"ಶಾಭಾಸ್!" ಅಂಬರಾಯ ಚಪ್ಪಾಳೆ ತಟ್ಟಿದ. "ನೀವು ಎಚ್ಚರ ಅದೀರೋ ಇಲ್ಲೋ ಅಂತ ಪರೀಕ್ಷಾ ಮಾಡ್ದೆ. ಬೇಗಂಸಾಹೇಬ್ರು ಒಬ್ಬರೇ ಪಾಸ್!"

ಹಸೀನಾಬೇಗಂ ನಾಚಿದಳು, ಜನ ಚಪ್ಪಾಳೆ ತಟ್ಟಿದರು, ಮಹಾದೇವಮ್ಮನ ಮುಖ ಅರಳಿತು. ಬದುಕಿದೆಯಾ ಬಡಜೀವವೇ ಎಂದು ಅಂಬರಾಯ ನಿಟ್ಟುಸಿರು ಬಿಟ್ಟ. ಮುಂದಿನ ಚಿತ್ರವೆಲ್ಲ ಆತನೂ ನಿರಾಳವಾಗಿ ನಗುತ್ತ ನೋಡಿದ.

ಚಿತ್ರ ಮುಗಿದ ಮೇಲೆ ಮ್ಯಾನೇಜರು ಎದ್ದರು. "ಇಂಥಾ ವಿದ್ವಾಂಸರು ನಮ್ಮಲ್ಲಿ ಅದಾರಂತ ಗೊತ್ತೇ ಇರಲಿಲ್ಲ. ನಾಳಿಂದ ಸಂಜಿ ಆರರಿಂದ ಎಂಟರತನ ಅಂಬರಾಯರು ಇಲ್ಲೇ ಎಲ್ಲರಿಗೂ ಹೀಬ್ರೂ ಕಲಸ್ತಾರ. ಜಾಗಾ ಸಾಲದಿದ್ರ ಆ ಇಸ್ಪೇಟ್ ಮೇಜು ಹೊರಗ ಹಾಕಸ್ತೀನಿ."

ಎಲ್ಲರಿಗಿಂತ ಮೊದಲು ಕೈ ಎತ್ತಿದವಳು ಮಹಾದೇವಮ್ಮ. "ಮೊದಲ ನನ್ನ ಹೆಸರು ಬರ್ಕೋರಿ ಸಾಹೇಬ್ರ!" ಎಂದವಳೇ ಗಂಡನ ಕಡೆ ತಿರುಗಿ, ಅಕ್ಕರೆಯಿಂದ ಹೇಳಿದಳು: "ಎಂಟು ತಿಂಗಳು ಇಲ್ಲಿ ಕುಂತು ಏನೇನ್ ಕಲ್ತೀರಿ, ಒಂದೂ ಬಿಡಲಾರ್ದ ನನಗ ಹೇಳಿಕೊಡ್ಬೇಕ್ರಿ ಮತ್ತ!"