ಹೋಗಿ ಬಾ ಎಂದ ಪ್ರೋಗ್ರಾಮು

ಕಂಪ್ಯೂಟರ್ ಕ್ಲಾಸಿನಲ್ಲಿ ಕಂಪ್ಯೂಟರಿಗಿಂತ ಮನುಷ್ಯರೇ ಹೆಚ್ಚು ಹ್ಯಾಂಗ್ ಆಗುತ್ತಾರೆ. ಸಿರಸಿಯಲ್ಲಿ ಕಲಿಸುವ ನನಗಂತೂ ಇದು ದಿನಾ ಇದ್ದದ್ದೇ. ಈ ಸಲ ತಲೆಬಿಸಿ ಬೇರೆ ಇತ್ತು. ಹುಬ್ಬಳ್ಳಿಯ ಹೆಡ್ ಆಫೀಸಿನ ಸಾಹೇಬರು ಬಂದು ನೋಡುವಾಗ ಮಕ್ಕಳು ಒಂದು ಪ್ರೋಗ್ರಾಮ್ ಬರೆದು ತೋರಿಸಬೇಕು. ತೋರಿಸಿದರೆ ಕೋಡಿಂಗ್ ಬ್ಯಾಚು, ಇಲ್ಲದಿದ್ದರೆ ನಾನು ಮತ್ತೆ ಟೈಪಿಂಗ್ ಟೀಚರು. ನನಗೆ ಟೈಪಿಂಗ್ ಸಾಕೋ ಸಾಕಾಗಿತ್ತು.

ಕೊಟ್ಟ ಲೆಕ್ಕ ಇಷ್ಟೇ: ಫೋಲ್ಡರಿನೊಳಗೆ ಫೋಲ್ಡರು ದಾಟಿ ಹೋಗುವ ಫೈಲಿನ ಉದ್ದುದ್ದ ವಿಳಾಸವನ್ನು ಚಿಕ್ಕದು ಮಾಡುವುದು.

ಒಂದು ಚುಕ್ಕಿ

"ವಿಳಾಸದಲ್ಲಿ ಒಂದು ಚುಕ್ಕಿ ಇದ್ದರೆ, ಇದ್ದಲ್ಲೇ ಇರು ಅಂತ ಅರ್ಥ" ಎಂದೆ.

ಬನವಾಸಿ ಕಡೆಯ ಹುಡುಗನ ಮುಖ ಅರಳಿತು. "ಹಂಗಾರ ನಮ್ಮ ಸೋದರಮಾವ ಒಂದು ಚುಕ್ಕಿರಿ! ಮದುವಿಗಂತ ಯಲ್ಲಾಪುರದಿಂದ ಬಂದಾವ, ಮದುಮಗಳಿಗೆ ಕೂಸು ಹುಟ್ಟಿದ್ರೂ ಇಲ್ಲೇ ಅದಾನ್ರಿ."

"ಎರಡು ಚುಕ್ಕಿ ಅಂದರೆ ಬಂದ ದಾರಿಯಲ್ಲಿ ಒಂದು ಹೆಜ್ಜೆ ವಾಪಸು."

"ಅದನ್ನ ಅವಗ ಹೇಳಾವ್ರು ಯಾರ್ರಿ?"

ಕಾಲು ತೊಳೆಯುವುದು

ತಿಳಿಯಲಿ ಎಂದು ಮನೆಯ ಉದಾಹರಣೆ ಕೊಟ್ಟೆ. ಬೋರ್ಡಿನ ಮೇಲೆ "/ಅಂಗಳ/ಜಗುಲಿ/../ಜಗುಲಿ/ಅಡುಗೆಮನೆ" ಎಂದು ಬರೆದೆ. ಜಗುಲಿ ಹತ್ತಿ, ಅಂಗಳಕ್ಕಿಳಿದು, ಮತ್ತೆ ಹತ್ತಿ ಒಳಗೆ ಹೋದ ಹಾಗೆ. ಚಿಕ್ಕದು ಮಾಡಿದರೆ "/ಅಂಗಳ/ಜಗುಲಿ/ಅಡುಗೆಮನೆ", ಅಷ್ಟೇ.

ಸಿದ್ದಾಪುರದಿಂದ ಬರುವ ಹುಡುಗಿ ಕೈ ಎತ್ತಿದಳು. "ಅಂಗಳಕ್ಕಿಳಿದವ ಕಾಲು ತೊಳೀದೆ ಜಗುಲಿ ಹತ್ತಿದ್ನಲೆ ಅಕ್ಕಾ! ಎಂಗ್ಳ ಮನೇಲಿ ಆಯಿ ಒಳಗೆ ಬಿಡ್ತಿಲ್ಲೆ."

"ಸರಿ ಮಾರಾಯ್ತಿ, ತೊಳೆದ ಅಂತ ತಿಳಕೋ."

"ಹ್ಯಾಂಗೆ ತಿಳ್ಕಳದು? ಪ್ರಶ್ನೆಯಲ್ಲಿ ನೀರೇ ಕೊಟ್ಟಿದ್ವಿಲ್ಲೆ."

ಸಾಹೇಬರು ಬಂದರು

ಸಾಹೇಬರು ಬಂದು ಸಿದ್ದಾಪುರದ ಹುಡುಗಿಯ ಹಿಂದೆಯೇ ನಿಂತರು. ಪ್ರೋಗ್ರಾಮ್ ಓಡಿತು. ಆದರೆ ಯಾವ ವಿಳಾಸ ಕೊಟ್ಟರೂ ಉತ್ತರ ಬರೀ ಒಂದು ಓರೆಗೆರೆ, "/". ಅಂದರೆ ಹೊರಟ ಜಾಗದಿಂದ ಒಂದಡಿಯೂ ಕದಲಿಲ್ಲ. ಸಾಹೇಬರು ವಾಚು ನೋಡಿಕೊಂಡರು. ನನ್ನ ಕಣ್ಣ ಮುಂದೆ ಟೈಪಿಂಗ್ ಕುಣಿಯಿತು.

ಓಡಿ ಹೋಗಿ ನೋಡಿದೆ. ಫೋಲ್ಡರಿನ ಒಳಗೆ ಹೋಗುವ ಆಜ್ಞೆಗೆ ಅವಳು 'ಹೋಗಿ ಬಾ' ಎಂದು ಹೆಸರಿಟ್ಟಿದ್ದಳು. ಹೆಸರಿಟ್ಟ ಮೇಲೆ ಹಾಗೇ ನಡೆಯಬೇಕಲ್ಲ ಎಂದು ಹೋಗುವುದನ್ನೂ ಬರುವುದನ್ನೂ ಅದರಲ್ಲೇ ಬರೆದಿದ್ದಳು. ಪಾಪದ ಕಂಪ್ಯೂಟರು ಪ್ರತಿ ಬಾಗಿಲಿಗೂ ಹೋಗಿ, ನಿಷ್ಠೆಯಿಂದ ವಾಪಸು ಬರುತ್ತಿತ್ತು.

"ಇದೆಂತ ಮಾಡಿದ್ದೆ ಮಾರಾಯ್ತಿ?"

"ಬರೀ 'ಹೋಗು' ಹೇಳಿ ಹ್ಯಾಂಗೆ ಬರಿಯದು ಅಕ್ಕಾ? ಅಪಶಕುನ!"

"ಆ ಬರುವ ಸಾಲು ಅಳಿಸು."

"ಆನು ಅಳಿಸ್ತ್ನಿಲ್ಲೆ. ನೀನೇ ಅಳಿಸು" ಎಂದು ಕಣ್ಣು ಮುಚ್ಚಿಕೊಂಡಳು.

ನಾನೇ ಅಳಿಸಿದೆ. ಉತ್ತರ ಸರಿಯಾಗಿ ಬಂತು. ನನಗೆ ಹೋದ ಜೀವ ಬಂದ ಹಾಗಾಯಿತು. ಸಾಹೇಬರು ಮಾತ್ರ ಬ್ಯಾಗ್ ಹೆಗಲಿಗೇರಿಸಿ, "ನಾ ಹೋಗ್ತೀನ್ರಿ" ಎಂದು ಬಾಗಿಲ ಕಡೆ ನಡೆದರು.

ಇಡೀ ಕ್ಲಾಸು ಎದ್ದು ಕೂಗಿತು: "ಸರ್, ಹಾಗನ್ನಬಾರದು! ಹೋಗಿ ಬರ್ತೀನಿ ಅನ್ನಿ!"

ಸಾಹೇಬರು ಹೊಸ್ತಿಲಲ್ಲೇ ನಿಂತರು. ಒಮ್ಮೆ ಆ ಹುಡುಗಿಯ ಕಂಪ್ಯೂಟರ್ ನೋಡಿದರು, ಒಮ್ಮೆ ತಮ್ಮ ಬ್ಯಾಗ್ ನೋಡಿಕೊಂಡರು. ಆಮೇಲೆ ತಿರುಗಿ ಬಂದು ಕುರ್ಚಿಯಲ್ಲಿ ಕೂತೇ ಬಿಟ್ಟರು.

"ಹೋಗಿ ಬರ್ತೀನಂದ್ರ ನಿಮ್ಮ ಲೆಕ್ಕದಾಗ ನಾ ಇಲ್ಲೇ ಇದ್ದಂಗಾತಲ್ರೀ! ಬ್ಯಾಚ್ ಶುರು ಮಾಡ್ರಿ, ಅದಕ್ಕೂ ಮೊದಲ ಚಾ ತರಸ್ರಿ."